ಇಬ್ಬರು ನುಡಿಸುವ ಡಲ್ಸಿಮರ್

ನಿಮ್ಮಮ್ಮ ಈ ಕಥೆಯನ್ನು ಬಹಳ ಚೆಂದ ಮಾಡಿ ಹೇಳುತ್ತಾಳೆ. ಅಜ್ಜನಿಗೆ ಕಾಯಿಲೆಯಾದ ಮೇಲೆ ಅಜ್ಜ ಅಜ್ಜಿ ಎದುರುಬದುರು ಕೂತು ಒಂದೇ ವಾದ್ಯ ನುಡಿಸುತ್ತಿದ್ದರು, ನೋಡಿದವರ ಕಣ್ಣಲ್ಲಿ ನೀರು ಬರುತ್ತಿತ್ತು, ಅಂತ. ಅವಳು ಹೇಳುವುದು ಸುಳ್ಳಲ್ಲ. ನೋಡಿದವರ ಕಣ್ಣಲ್ಲಿ ನೀರು ಬಂದದ್ದು ನಿಜ. ಆದರೆ ಅಲ್ಲಿ ಕೂತು ನುಡಿಸಿದವಳು ನಾನು. ನನಗೆ ಹೇಗಿತ್ತು ಎಂಬುದನ್ನು ಯಾರೂ ಕೇಳಿಲ್ಲ, ನಾನಾಗಿ ಹೇಳಿದವಳೂ ಅಲ್ಲ. ಬಾಯಲ್ಲಿ ಹೇಳಲು ನನಗೆ ಈಗಲೂ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮಮ್ಮನೇ ಓದಿ ಹೇಳಲಿ. ಅವಳೂ ಕೇಳಿದಂತಾಗುತ್ತದೆ.

ಅಜ್ಜನಿಗೆ ಪಾರ್ಶ್ವವಾಯು ಹೊಡೆದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಅವರಿನ್ನೂ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಾಗ. ಬಲಗೈ ಬಲಗಾಲು ಹೋದವು. ಜೊತೆಗೆ ಇಂಗ್ಲಿಷೂ ಹೋಯಿತು. ಅರ್ಧ ಆಯುಷ್ಯ ಇಂಗ್ಲಿಷಿನಲ್ಲಿ ರೋಗಿಗಳನ್ನು ಮಾತಾಡಿಸಿದವರು, ಫೋನಿನಲ್ಲಿ ಜೋಕು ಹೇಳಿ ತಾವೇ ಮೊದಲು ನಗುತ್ತಿದ್ದವರು, ಎಚ್ಚರಾಗುವ ಹೊತ್ತಿಗೆ ಧಾರವಾಡದ ಒಂದು ಹಿಡಿ ಕನ್ನಡ ಮಾತುಗಳನ್ನಷ್ಟೇ ಉಳಿಸಿಕೊಂಡಿದ್ದರು. ನೀರು, ಬ್ಯಾಡ, ಸಾಕು, ಬಾ ಇಲ್ಲೆ. ಕೆಲವು ಬೈಗುಳಗಳೂ ಉಳಿದಿದ್ದವು. ಅವು ಮಾತ್ರ ಎಲ್ಲಕ್ಕಿಂತ ಸ್ಪಷ್ಟವಾಗಿ ಬರುತ್ತಿದ್ದವು.

ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಇಂಗ್ಲಿಷಿನಲ್ಲಿ ಯಾರಾದರೂ ಮಾತಾಡಿಸಿದರೆ ಅಜ್ಜನ ಬೆನ್ನ ಹಿಂದೆ ಸರಿದು ನಿಲ್ಲುತ್ತಿದ್ದೆ. ಈಗ ಆ ಬೆನ್ನೇ ಕುರ್ಚಿಗೆ ಒರಗಿ ಕೂತಿತ್ತು. ಜಿಪಿ ಡಾಕ್ಟರ ಬಳಿಗೆ, ಫಿಸಿಯೋ ಬಳಿಗೆ, ಮನೆಯ ಮೆಟ್ಟಿಲಿಗೆ ಕಂಬಿ ಹಾಕಲು ಬಂದವನ ಎದುರಿಗೆ, ಎಲ್ಲ ಕಡೆ ಅವರ ಪರವಾಗಿ ನಾನೇ ಬಾಯಿ ತೆರೆಯಬೇಕಾಯಿತು. ಬೆಳಿಗ್ಗೆ ಎಬ್ಬಿಸುವುದು, ತೊಳೆಯುವುದು, ಬಟ್ಟೆ ಹಾಕುವುದು, ಉಣ್ಣಿಸುವುದು, ಎತ್ತಿ ಕೂರಿಸುವುದು, ಮತ್ತೆ ಮಲಗಿಸುವುದು. ಅಜ್ಜ ಎತ್ತರದ ಆಳು. ನನ್ನ ಸೊಂಟದ ನೋವು ಆಗ ಬಂದದ್ದು ಇನ್ನೂ ಹೋಗಿಲ್ಲ. ನಿಮ್ಮಮ್ಮ ಆಗ ಲಂಡನ್ನಿನ ಆ ತುದಿಗೆ, ಸ್ಟ್ರಾಟ್‌ಫರ್ಡ್‌ನಲ್ಲಿ ಫ್ಲಾಟ್ ಮಾಡಿಕೊಂಡಿದ್ದಳು. ಹೊಸ ಕೆಲಸ, ಭಾನುವಾರ ಬಂದು ಹೋಗುತ್ತಿದ್ದಳು. ಉಳಿದ ದಿನ ರೇನರ್ಸ್ ಲೇನ್‌ನ ಆ ಮನೆಯಲ್ಲಿ ನಾವಿಬ್ಬರೇ.

ಶನಿವಾರ ಮಧ್ಯಾಹ್ನ ಮಾತ್ರ ಕೌನ್ಸಿಲ್‌ನಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಅಜ್ಜನ ಪಕ್ಕ ಕೂತು ಟಿವಿಯಲ್ಲಿ ಸ್ನೂಕರ್ ನೋಡುವುದು, ಚಹಾ ಕುಡಿಸುವುದು ಅವಳ ಕೆಲಸ. ಎರಡೂವರೆಗೆ ಬಂದು ಐದಕ್ಕೆ ಹೊರಡುತ್ತಿದ್ದಳು. ವಾರದಲ್ಲಿ ನನ್ನದು ಅಂತ ಇದ್ದದ್ದು ಅಷ್ಟೇ ಹೊತ್ತು. ಇದನ್ನು ನೀವು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಮೊದಮೊದಲು ಆ ಹೊತ್ತಿನಲ್ಲಿ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಅಂಗಡಿಗೆ ಹೋಗಿ ಮೆಂತ್ಯ, ಬೆಂಡೆಕಾಯಿ ತಂದರೂ ಹೊತ್ತು ಉಳಿಯುತ್ತಿತ್ತು. ಮನೆಗೆ ಬೇಗ ಹೋದರೆ ಆ ಹೆಂಗಸು ಬೇಗ ಹೊರಟುಬಿಡುತ್ತಿದ್ದಳು. ಅದಕ್ಕೇ ಸುಮ್ಮನೆ ಪಿನ್ನರ್ ಕಡೆಗೆ ನಡೆಯುತ್ತಿದ್ದೆ. ಹೀಗೆ ಒಂದು ಶನಿವಾರ ಮಳೆ ಬಂತು. ಒಂದು ಚರ್ಚಿನ ಹಿಂದಿನ ಹಾಲ್‌ನ ಬಾಗಿಲಲ್ಲಿ ನಿಂತೆ. ಅಲ್ಲಿ ಒಬ್ಬ ದಪ್ಪ ಹೆಂಗಸು ಸಿಗರೇಟು ಸೇದುತ್ತಾ ನಿಂತಿದ್ದಳು. ಮೊದಲು ಬಸ್ ಡ್ರೈವರಾಗಿದ್ದು ನಿವೃತ್ತಳಾದವಳು ಎಂದು ಆಮೇಲೆ ತಿಳಿಯಿತು. ಧ್ವನಿ ಇಡೀ ಬಸ್ಸಿಗೆ ಕೇಳುವಂತಿತ್ತು.

"ಒಳಗೆ ಬಾ ಡಾರ್ಲಿಂಗ್, ಅಲ್ಲಿ ನಿಂತ್ರೆ ನೆನೀತೀಯ," ಅಂದಳು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. "ಒಳಗೆ ಚಹಾ ಇದೆ. ಯಾರೂ ನಿನ್ನ ತಿನ್ನಲ್ಲ," ಎಂದು ನನ್ನ ಮೊಳಕೈ ಹಿಡಿದು ಕರೆದೊಯ್ದೇಬಿಟ್ಟಳು.

ಒಳಗೆ ಹತ್ತು ಹನ್ನೆರಡು ಜನ ಕುರ್ಚಿಗಳನ್ನು ದುಂಡಗೆ ಹಾಕಿ ಕೂತಿದ್ದರು. ಹೆಚ್ಚಿನವರು ನನ್ನ ವಯಸ್ಸಿನವರು, ಬಿಳಿಯರು. ಒಬ್ಬೊಬ್ಬರ ತೊಡೆಯ ಮೇಲೂ ಒಂದು ಉದ್ದನೆಯ ಮರದ ವಾದ್ಯ ಮಲಗಿತ್ತು. ನಡು ಸಣ್ಣ, ಎರಡು ಕಡೆ ಉಬ್ಬು. ಮೇಲೆ ಉದ್ದಕ್ಕೂ ಮೂರೋ ನಾಲ್ಕೋ ತಂತಿ. ನಾನು ಮೂಲೆಯ ಕುರ್ಚಿಯಲ್ಲಿ ಕೂತು ತರಕಾರಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಆಗ ಒಬ್ಬ ಮುದುಕ ಎದ್ದು ಬಂದ. ಕಿವಿಯ ಮೇಲೆ ಪೆನ್ಸಿಲು, ಸ್ವೆಟರಿನ ತುಂಬ ಮರದ ಹೊಟ್ಟು. ಏನೂ ಕೇಳದೆ ನನ್ನ ಚೀಲವನ್ನು ಎತ್ತಿ ಕೆಳಗಿಟ್ಟು, ತನ್ನ ಕೈಯಲ್ಲಿದ್ದ ವಾದ್ಯವನ್ನು ಅದರ ಜಾಗದಲ್ಲಿ ಮಲಗಿಸಿದ.

"ಈ ರೂಮಲ್ಲಿ ಖಾಲಿ ಮಡಿಲು ಇರಬಾರದು, ಲವ್. ಅದು ನಮ್ಮ ರೂಲು. ತರಕಾರಿ ಲೆಕ್ಕಕ್ಕಿಲ್ಲ."

ಪರ ಗಂಡಸು ಲವ್ ಅಂದದ್ದಕ್ಕೆ ನನ್ನ ಮುಖ ಬಿಸಿಯಾಯಿತು. ಅವನು ಅಂಚೆಯವನಿಗೂ ಬೆಕ್ಕಿಗೂ ಲವ್ ಅನ್ನುವವನು ಎಂದು ತಿಳಿಯಲು ಕೆಲವು ವಾರ ಹಿಡಿಯಿತು. ಆದರೆ ತೊಡೆಯ ಮೇಲೆ ಆ ವಾದ್ಯದ ಭಾರ ಬಿದ್ದಾಗ ನನಗೆ ನೆನಪಾದದ್ದು ನಮ್ಮ ಕಡೆ ಉಡಿ ತುಂಬುವುದು. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿದಾಗ ಸೆರಗು ಹೀಗೇ ಜಗ್ಗುತ್ತದೆ. ನನಗೆ ಉಡಿ ತುಂಬುವವರು ಈ ಊರಲ್ಲಿ ಯಾರೂ ಇರಲಿಲ್ಲ.

ಅದರ ಹೆಸರು ಮೌಂಟನ್ ಡಲ್ಸಿಮರ್. ಅಮೆರಿಕದ ಬೆಟ್ಟಗಳ ಬಡವರು ಮನೆಯಲ್ಲೇ ಮಾಡಿಕೊಂಡು ನುಡಿಸುತ್ತಿದ್ದ ವಾದ್ಯವಂತೆ. ಕಲಿಯುವುದು ಸುಲಭ. ಒಂದು ತಂತಿಯ ಮೇಲೆ ಎಡಗೈಯಿಂದ ಒಂದು ಚಿಕ್ಕ ಕಡ್ಡಿಯನ್ನು ಒತ್ತಿ ಜಾರಿಸುತ್ತ ಹೋದರೆ ಹಾಡು. ಬಲಗೈಯಿಂದ ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟಬೇಕು. ಉಳಿದ ತಂತಿಗಳು ಹಾಡು ಯಾವುದಾದರೂ ಒಂದೇ ಸ್ವರ ಹಿಡಿದಿರುತ್ತವೆ, ನಮ್ಮ ಭಜನೆಯ ತಂಬೂರಿಯ ಹಾಗೆ. ಆ ಸ್ವರ ನನಗೆ ಮೊದಲ ದಿನವೇ ಹಿಡಿಸಿತು. ಅದಕ್ಕೆ ಯಾವ ಅವಸರವೂ ಇರಲಿಲ್ಲ.

ಆ ಗುಂಪಿನಲ್ಲಿ ನುಡಿಸುವವರ ಜೊತೆ ಮಾಡುವವರೂ ಇದ್ದರು. ಹಳೆಯ ಬೀರುವಿನ ಬಾಗಿಲು, ಒಡೆದ ಪಿಯಾನೋದ ಮುಚ್ಚಳ, ಬಿಸ್ಕತ್ತಿನ ಡಬ್ಬಿ, ಏನು ಸಿಕ್ಕರೂ ಅದರಿಂದ ಒಂದು ಡಲ್ಸಿಮರ್ ಮಾಡುತ್ತಿದ್ದರು. ಅರ್ಧ ಮಾಡಿದ್ದನ್ನು ತಂದು ಎಲ್ಲರ ಕೈಗೆ ಕೊಡುವರು. ಒಬ್ಬರು ಬೆರಳಿನಿಂದ ತಟ್ಟಿ ಕಿವಿ ಇಟ್ಟು ಕೇಳುವರು, ಇನ್ನೊಬ್ಬರು ಮೂಸಿ ನೋಡಿ, "ಇದು ನಿನ್ನ ಅತ್ತೆಯ ಬೀರುವಲ್ಲವೇ?" ಎನ್ನುವರು. ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವನು ಆ ಪೆನ್ಸಿಲಿನ ಮುದುಕ. ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ ಅವನಿಗೇ ಕೂರಲು ಜಾಗವಿರಲಿಲ್ಲ.

ಸರದಿ ಸುತ್ತಿ ಬರುತ್ತಿತ್ತು. ಯಾರ ಸರದಿಯೋ ಅವರು ಹಾಡು ಆರಿಸಬೇಕು, ಎಲ್ಲರೂ ಅವರ ಜೊತೆ ನಿಧಾನವಾಗಿ ನುಡಿಸಬೇಕು. ಬೇಡವೆನಿಸಿದರೆ ಪಾಸ್ ಅನ್ನಬಹುದು, ಯಾರೂ ಯಾಕೆಂದು ಕೇಳುವುದಿಲ್ಲ. ನಾನು ಪ್ರತಿ ವಾರವೂ ಪಾಸ್ ಅನ್ನುತ್ತಿದ್ದೆ. ಹಾಡು ಆರಿಸುವಷ್ಟು ಧೈರ್ಯವಿರಲಿಲ್ಲ. ಬೇರೆಯವರು ಆರಿಸಿದ್ದನ್ನು ತಲೆ ತಗ್ಗಿಸಿ ನುಡಿಸಿದರೆ ನನಗೆ ಸಾಕಾಗಿತ್ತು. ಹ್ಯಾರೋದಲ್ಲಿ ನಮ್ಮ ಕನ್ನಡದವರು ಸೇರಿದಾಗ ಎಲ್ಲರೂ ಅಜ್ಜನ ವಿಷಯವನ್ನೇ ಕೇಳುವರು. ಯಾವ ಎಣ್ಣೆ ಹಚ್ಚುತ್ತೀರಿ, ಯಾವ ದೇವರಿಗೆ ಹರಕೆ ಹೊತ್ತಿದ್ದೀರಿ ಎಂದು. ಈ ಹಾಲ್‌ನಲ್ಲಿ ನನಗೆ ಗಂಡನಿದ್ದಾನೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಆ ಹೊತ್ತು ನಾನು ಯಾರ ಹೆಂಡತಿಯೂ ಆಗಿರದೆ, ಯಾರನ್ನೂ ಎತ್ತದೆ, ತೊಡೆಯ ಮೇಲೆ ಒಂದು ಮರದ ತುಂಡು ಇಟ್ಟುಕೊಂಡು ಕೂತಿರುತ್ತಿದ್ದೆ. ಆಗಾಗ ಗೋಡೆಯ ಗಡಿಯಾರ ನೋಡುತ್ತಿದ್ದೆ. ಇನ್ನೂ ಒಂದು ಗಂಟೆ ಇದೆ, ಇನ್ನೂ ಅರ್ಧ ಗಂಟೆ ಇದೆ ಎಂದು.

ಒಂದು ಸಲ ಕಪ್ಪುಗಳನ್ನು ತೊಳೆಯುವಾಗ ಆ ಬಸ್ಸಿನ ಹೆಂಗಸು ಕೇಳಿದಳು:

"ನೀನು ಯಾವಾಗಲೂ ಗಡಿಯಾರ ನೋಡ್ತಿರ್ತೀಯ, ಡಾರ್ಲಿಂಗ್. ಮನೇಲಿ ಯಾರು ಕಾಯ್ತಿದ್ದಾರೆ?"

"ಹಸ್ಬೆಂಡ್," ಅಂದೆ. "ಸ್ಟ್ರೋಕ್."

ಅವಳು ಕಪ್ಪು ಕೆಳಗಿಟ್ಟಳು. "ಕೈ?"

"ಬಲಗೈ ಇಲ್ಲ. ಎಡಗೈ ಗುಡ್."

"ಹಾಡು ಇಷ್ಟಾನಾ ಅವರಿಗೆ?"

"ಬಹಳ ಇಷ್ಟ. ಮೊದಲು ಹಾಡುತ್ತಿದ್ದರು."

"ಓ ಡಾರ್ಲಿಂಗ್," ಎಂದು ಸೋಪಿನ ಕೈಯಲ್ಲೇ ನನ್ನನ್ನು ಅಪ್ಪಿಕೊಂಡಳು. ಅವಳ ಕಣ್ಣು ತುಂಬಿತ್ತು. ನನ್ನ ಜೀವವೆಲ್ಲ ಮನೆಯಲ್ಲಿದೆ, ಗಂಡನನ್ನು ಬಿಟ್ಟು ಬಂದ ಸಂಕಟಕ್ಕೆ ನಾನು ಗಡಿಯಾರ ನೋಡುತ್ತೇನೆ ಎಂದು ಅವಳು ತಿಳಿದುಕೊಂಡಿದ್ದಳು. ಹಾಗಲ್ಲ ಎಂದು ಹೇಳಲು ನನ್ನ ಬಳಿ ಇಂಗ್ಲಿಷ್ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಆ ಬೇಸಿಗೆಯೆಲ್ಲ ಅವರು ಗುಟ್ಟಾಗಿ ಮಾತಾಡಿಕೊಳ್ಳುತ್ತಿದ್ದರು. ನಾನು ಹೋದರೆ ಮಾತು ನಿಲ್ಲುತ್ತಿತ್ತು. ನಾನು ನುಡಿಸುವುದು ಅಷ್ಟು ಕೆಟ್ಟದಾಗಿದೆಯೋ ಏನೋ ಅಂದುಕೊಂಡೆ.

ಅವರಲ್ಲಿ ಒಂದು ಪದ್ಧತಿ ಇತ್ತು. ಹೊಸ ಡಲ್ಸಿಮರ್ ಮುಗಿದಾಗ ಅದನ್ನು ಮೊದಲು ಅದರ ಯಜಮಾನರಿಗೆ ಕೊಡುವುದಿಲ್ಲ. ಸುತ್ತ ಕೂತವರ ತೊಡೆಯಿಂದ ತೊಡೆಗೆ ಅದು ಹೋಗಬೇಕು. ಪ್ರತಿಯೊಬ್ಬರೂ ಒಂದೇ ಹಾಡನ್ನು ಅದರ ಮೇಲೆ ನುಡಿಸಬೇಕು. ಮರಕ್ಕೆ ಎಚ್ಚರವಾಗುವುದು ಹಾಗೆಯೇ ಎನ್ನುತ್ತಿದ್ದರು. ಕೊನೆಯಲ್ಲಿ ಯಾರ ತೊಡೆಗೆ ಬಂದು ನಿಲ್ಲುತ್ತದೋ ಅದು ಅವರದು.

ಎಲೆ ಉದುರುವ ಕಾಲದ ಒಂದು ಶನಿವಾರ ಆ ಮುದುಕ ಕಂಬಳಿಯಲ್ಲಿ ಸುತ್ತಿದ ಒಂದು ದೊಡ್ಡ ವಾದ್ಯ ತಂದ. ಇಬ್ಬರ ತೊಡೆಯ ಮೇಲೆ ಕೂರುವಷ್ಟು ಅಗಲವಾಗಿತ್ತು. ಬಸ್ಸಿನ ಹೆಂಗಸು ವಿವರಿಸಿದಳು: ಹಿಂದೆ ಬೆಟ್ಟದ ಹಳ್ಳಿಗಳಲ್ಲಿ ಹುಡುಗ ಹುಡುಗಿಯನ್ನು ನೋಡಲು ಬಂದರೆ ಇಬ್ಬರ ನಡುವೆ ಇಂಥದ್ದೊಂದು ಡಲ್ಸಿಮರ್ ಇಡುತ್ತಿದ್ದರಂತೆ. ಎದುರುಬದುರು ಕೂತು ಇಬ್ಬರೂ ನುಡಿಸಬೇಕು.

"ಪಕ್ಕದ ರೂಮಲ್ಲಿ ಅಪ್ಪ ಕಿವಿ ಕೊಟ್ಟು ಕೂತಿರ್ತಾನೆ. ಎರಡೂ ಕಡೆ ಶಬ್ದ ಬರ್ತಿದ್ರೆ ಸರಿ. ಒಂದು ಕಡೆ ನಿಂತ್ರೆ ಬಂದೂಕು ತಗೊಂಡು ಬರ್ತಾನೆ!"

ಎಲ್ಲರೂ ನಕ್ಕರು. "ನಿನಗೆ ಇದು ಸಿಕ್ಕಿದ್ದರೆ ನಾಲ್ಕು ಮಕ್ಕಳು ಆಗ್ತಿರಲಿಲ್ಲ," ಎಂದು ಮುದುಕ ಅವಳನ್ನು ರೇಗಿಸಿದ. ನಾನೂ ಸೆರಗಿನ ಮರೆಯಲ್ಲಿ ನಕ್ಕೆ.

ಈ ವಾದ್ಯವನ್ನು ಅವನು ಸ್ವಲ್ಪ ಬದಲಿಸಿದ್ದ. ಇಬ್ಬರಿಗೂ ಒಂದೇ ಸಾಲು ತಂತಿ. ಒಬ್ಬರು ಎಡಗೈಯಿಂದ ಕಡ್ಡಿ ಒತ್ತಿ ಹಾಡು ಹಿಡಿಯಬೇಕು, ಎದುರು ಕೂತವರು ಅವೇ ತಂತಿಗಳನ್ನು ಇನ್ನೊಂದು ತುದಿಯಲ್ಲಿ ಮೀಟಬೇಕು. ಜೋಡಿ ಜೋಡಿಯಾಗಿ ಕೂತು ನುಡಿಸತೊಡಗಿದರು. ಒತ್ತುವವರೊಂದು ಕಡೆ, ಮೀಟುವವರೊಂದು ಕಡೆ ಓಡಿ, ನಗು, ಬೈದಾಟ. ಒಂದು ಜೋಡಿ, ಇನ್ನೊಂದು ಜೋಡಿ. ವಾದ್ಯ ನನ್ನ ಕಡೆಗೆ ಬರುತ್ತಿತ್ತು. ಒತ್ತುವುದಕ್ಕೆ ಒಂದು ಎಡಗೈ ಸಾಕು, ಬಲಗೈ ಬೇಡ ಎಂಬುದು ನನಗೆ ಹೊಳೆದದ್ದು ಅದು ಪಕ್ಕದ ಕುರ್ಚಿಗೆ ಬಂದಾಗ. ಅಷ್ಟರಲ್ಲಿ ಯಾರೋ ನನ್ನೆದುರು ಒಂದು ಖಾಲಿ ಕುರ್ಚಿ ತಂದಿಟ್ಟರು.

ಮುದುಕ ಅದನ್ನು ನನ್ನ ತೊಡೆಗೂ ಆ ಖಾಲಿ ಕುರ್ಚಿಗೂ ಸೇತುವೆಯ ಹಾಗೆ ಇಟ್ಟ.

"ಇದು ನಿಮ್ಮಿಬ್ಬರದು, ಲವ್. ಎಲ್ಲರೂ ಸೇರಿ ಮಾಡಿದ್ದು. ಮುಂದಿನ ವಾರದಿಂದ ಅವರನ್ನ ಬಿಟ್ಟು ಬರೋ ಸಂಕಟ ನಿನಗೆ ಬೇಡ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು. ನಾನು ಎದ್ದು ಕೈ ಮುಗಿದೆ. ಅವರೂ ಕಣ್ಣು ಒರೆಸಿಕೊಂಡರು. ಅವರ ಅಳು ಸಂತೋಷದ್ದು. ನನ್ನದು ಏನೆಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅಷ್ಟು ಒಳ್ಳೆಯ ಜನ, ಅಷ್ಟು ಪ್ರೀತಿಯಿಂದ, ನನ್ನ ಬಳಿ ಇದ್ದ ಒಂದೇ ಒಂದನ್ನು ತೆಗೆದುಕೊಂಡಿದ್ದರು.

ಆ ಭಾನುವಾರ ನಿಮ್ಮಮ್ಮ ವಾದ್ಯ ನೋಡಿ ಕುಣಿದಾಡಿದಳು.

"ಓ ಮೈ ಗಾಡ್ ಅಮ್ಮಾ, ಹೌ ಲವ್ಲಿ! ಅಪ್ಪಾ ಮನಿ ಬಿಟ್ಟು ಹೊರಗ ಹೋಗಬೌದು! ಹಂಗಾದ್ರ ಶನಿವಾರ ಬರೋ ಆ ಸಿಟ್ಟರ್ ಹೆಣ್ಣುಮಗಳು ಬ್ಯಾಡಲ್ಲ? ನಾ ಕೌನ್ಸಿಲ್‌ಗೆ ಫೋನ್ ಮಾಡ್ತೀನಿ. ಬೇರೆ ಯಾರಿಗರೆ ಬೇಕಾಗಿರ್ತದ."

"ಹೂಂ," ಅಂದೆ.

ಹೂಂ ಅನ್ನುವುದು ನನಗೆ ಬಹಳ ಸುಲಭ. ಸ್ನೂಕರ್ ನೋಡುವ ಹೆಂಗಸು ಮುಂದಿನ ತಿಂಗಳಿಂದ ಇನ್ನೊಂದು ಮನೆಗೆ ಹೋದಳು.

ಆ ಚಳಿಗಾಲದ ಶನಿವಾರಗಳು ಹೀಗಿದ್ದವು. ಊಟವಾದ ತಕ್ಷಣ ಅಜ್ಜನಿಗೆ ಒಳ್ಳೆಯ ಅಂಗಿ, ಕೋಟು, ಮಫ್ಲರು, ಬೂಟು. ಬಲಗಾಲನ್ನು ಬೂಟಿನೊಳಗೆ ತೂರಿಸುವುದೇ ಒಂದು ಹೋರಾಟ. ಬದಲಿ ಪ್ಯಾಂಟು, ಔಷಧಿ, ಕರವಸ್ತ್ರ ಒಂದು ಚೀಲದಲ್ಲಿ. ಬಸ್ಸಿನ ಹೆಂಗಸು ತನ್ನ ವ್ಯಾನು ತಂದು ಬಾಗಿಲಲ್ಲಿ ಹಾರ್ನ್ ಹೊಡೆಯುವಳು. ನಾವಿಬ್ಬರೂ ಸೇರಿ ಅವರನ್ನು ಹತ್ತಿಸಬೇಕು. ಹಾಲ್‌ನಲ್ಲಿ ಇಳಿಸಬೇಕು, ಕೂರಿಸಬೇಕು, ಬೆನ್ನಿಗೆ ದಿಂಬು ಕೊಡಬೇಕು. ಆಮೇಲೆ ಅವರ ಎದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ನಾನು ಕೂರಬೇಕು. ಎದುರಿನಿಂದ ಮೀಟಬೇಕಾದ್ದರಿಂದ ತಂತಿಯ ಆ ತುದಿ ನನ್ನ ಎಡಗೈಗೆ ಬರುತ್ತಿತ್ತು. ಊಟಕ್ಕೂ ದೇವರಿಗೂ ಬಳಸದ ಕೈ. ಅದರಿಂದ ನನಗೆ ಒಂದು ತಾಳವೂ ಸರಿಯಾಗಿ ಬರುತ್ತಿರಲಿಲ್ಲ. ನಾನು ತಪ್ಪಿದರೆ ಅಜ್ಜ ಕಡ್ಡಿಯನ್ನು ಎತ್ತಿ ನನ್ನ ಬೆರಳಿಗೆ ಕುಟ್ಟುತ್ತಿದ್ದರು.

"ಹುಚ್ಚಪ್ಯಾಲಿ! ಇನ್ನೊಮ್ಮೆ!"

ಅವರು ಕಲಿತರು, ಅದನ್ನು ಹೇಳಲೇಬೇಕು. ಎಡಗೈ ಬಹಳ ಚುರುಕಾಯಿತು. ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಶುಕ್ರವಾರವೇ ಶೇವ್ ಮಾಡಿಸಿಕೊಳ್ಳಲು ಗದ್ದ ಮುಂದೆ ಮಾಡುವರು. ಸುತ್ತ ಕೂತವರು ಅವರ ಪ್ರತಿ ಹಾಡಿಗೂ ತಲೆದೂಗುವರು, ಏನೋ ಹೇಳುವರು. ಅಜ್ಜ ನನ್ನ ಮುಖ ನೋಡುವರು, ನಾನು ಕನ್ನಡದಲ್ಲಿ ಹೇಳಬೇಕು. ಅವರು ಒಂದು ಮಾತು ಅನ್ನುವರು, ಎಲ್ಲರೂ ನನ್ನ ಮುಖ ನೋಡುವರು, ನಾನು ಇಂಗ್ಲಿಷಿನಲ್ಲಿ ಹೇಳಬೇಕು. ನಡುವೆ ಜೊಲ್ಲು ಒರೆಸಬೇಕು, ಟಾಯ್ಲೆಟ್ಟಿಗೆ ಕರೆದೊಯ್ಯಬೇಕು. ಚಹಾ ನನಗೂ ಕೊಡುತ್ತಿದ್ದರು, ಅದು ಕುರ್ಚಿಯ ಕೆಳಗೆ ಆರಿ ಕೆನೆಗಟ್ಟುತ್ತಿತ್ತು. ನನಗೆ ಮೊದಲು ಕೊಟ್ಟಿದ್ದ ಒಂಟಿ ಡಲ್ಸಿಮರ್ ಬೇರೆ ಯಾರದೋ ತೊಡೆಗೆ ಹೋಗಿತ್ತು. ಗೋಡೆಯ ಗಡಿಯಾರದ ಕಡೆ ನಾನೀಗ ನೋಡುತ್ತಲೇ ಇರಲಿಲ್ಲ. ಹೊತ್ತು ಯಾವುದಾದರೂ ನನಗೆ ಒಂದೇ ಆಗಿತ್ತು.

ಚಳಿ ಕಳೆಯುವ ಹೊತ್ತಿಗೆ ಅಜ್ಜನಿಗೆ ಎದೆಯಲ್ಲಿ ಕಫ ಕಟ್ಟಿತು. ಒಂದು ವಾರ ನಾನು ಕೂತೇ ನಿದ್ದೆ ಮಾಡಿದೆ. ಜ್ವರ ಬಿಟ್ಟ ಮೇಲೆ ಶನಿವಾರ ಹೋಗುವುದು ಬೇಡವೆಂದರೆ ಅವರು ಕೇಳಲಿಲ್ಲ. ಗದ್ದ ಮುಂದೆ ಮಾಡಿದರು. ವ್ಯಾನಿನಲ್ಲಿ ಪ್ಯಾಂಟು ಒದ್ದೆಯಾಯಿತು. ಹಾಲ್‌ನ ಸಣ್ಣ ಟಾಯ್ಲೆಟ್ಟಿನಲ್ಲಿ ಅವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಬಟ್ಟೆ ಬದಲಿಸಿದೆ. ಕೈ ತೊಳೆದು ಬಂದು ಅವರೆದುರು ಕೂತೆ. ಮೊಣಕಾಲಿಗೆ ಮೊಣಕಾಲು ತಾಗಿತು. ಸರದಿ ಸುತ್ತಿ ನಮ್ಮ ಬಳಿ ಬಂತು.

"ನಮ್ಮ ಪ್ರೇಮಿಗಳು ಏನು ನುಡಿಸ್ತಾರೆ ಇವತ್ತು?" ಎಂದಳು ಬಸ್ಸಿನ ಹೆಂಗಸು.

ಅಜ್ಜ ಕಡ್ಡಿ ಒತ್ತಿ ಕಾದರು. ನಾನು ನನ್ನ ಎಡಗೈಯನ್ನು ತಂತಿಯ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

"ನಾನು ಬೇಡ," ಅಂದೆ. "ಅವರು ನುಡಿಸಲಿ. ನಾನು ಬೇಡ."

ಹುಷಾರಿಲ್ಲವೇ ಎಂದು ಯಾರೋ ಕೇಳಿದರು. ನೀರು ತರಲು ಒಬ್ಬರು ಎದ್ದರು. ಆಗ ನನ್ನ ಬಾಯಿಂದ ಮಾತು ಬಂತು. ಅಷ್ಟು ಜನರ ನಡುವೆ ನಾನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ವ್ಯಾಕರಣ ಗೊತ್ತಿಲ್ಲದ ಇಂಗ್ಲಿಷು, ಅರ್ಥ ಇಷ್ಟು:

"ಇದು ನನ್ನ ಶನಿವಾರ ಆಗಿತ್ತು. ಆರು ದಿನ ಅವರ ಜೊತೆ, ಒಂದು ದಿನ ಸ್ವಲ್ಪ ಹೊತ್ತು ನಾನೊಬ್ಬಳೇ. ಈಗ ಅದೂ ಅವರ ಜೊತೆ. ಗಡಿಯಾರ ನೋಡುತ್ತಿದ್ದದ್ದು ಮನೆಗೆ ಹೋಗಬೇಕೂಂತ ಅಲ್ಲ. ಇನ್ನೆಷ್ಟು ಹೊತ್ತು ಇಲ್ಲಿರಬಹುದು ಅಂತ. ನೀವು ಒಳ್ಳೆಯವರು. ನಾನು ಬಹಳ ಟೈರ್ಡ್."

ಬಸ್ಸಿನ ಹೆಂಗಸಿನ ಮುಖ ಕೆಂಪಾಯಿತು. "ನಾನೊಬ್ಬಳು ಮುಠ್ಠಾಳಿ," ಅಂದಳು, ಅವಳ ಆ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

"ನೀನೊಬ್ಬಳೇ ಯಾಕೆ, ಹಾಲ್ ತುಂಬ ಮುಠ್ಠಾಳರೇ," ಎಂದ ಮುದುಕ. ಕಿವಿಯ ಪೆನ್ಸಿಲು ತೆಗೆದು ಜೇಬಿಗಿಟ್ಟ. "ಮರ ಯಾವುದು, ಅಂಟು ಯಾವುದು, ತಂತಿ ಎಷ್ಟು ದಪ್ಪ, ಎಲ್ಲ ಕೂತು ಚರ್ಚೆ ಮಾಡಿದ್ವಿ. ನಿನ್ನನ್ನ ಒಂದು ಮಾತು ಕೇಳಲಿಲ್ಲ. ಏಳು, ಲವ್. ಆ ಕುರ್ಚಿ ನನಗೆ ಕೊಡು."

ನಾನು ಏಳಲಿಲ್ಲ. ಏಳುವ ಶಕ್ತಿ ಇರಲಿಲ್ಲ ಎನ್ನುವುದು ಒಂದು. ಅಜ್ಜ ನನ್ನನ್ನೇ ನೋಡುತ್ತಿದ್ದರು ಎನ್ನುವುದು ಇನ್ನೊಂದು.

"ಏನಂತಾರ?" ಎಂದು ಕೇಳಿದರು.

"ಅವರು ನಿಮ್ಮ ಎದುರಿಗೆ ಕೂಡ್ತಾರಂತ್ರಿ. ನಾ ಆ ಕಡೆ ಹೋಗಿ ಕೂಡ್ತೀನಿ."

ಅವರು ಎಡಗೈ ಎತ್ತಿ ಬೆರಳುಗಳನ್ನು ಹೊರಕ್ಕೆ ಝಾಡಿಸಿದರು. ಆಸ್ಪತ್ರೆಯಲ್ಲಿ ಒಬ್ಬ ರೋಗಿಯನ್ನು ನೋಡಿ ಮುಗಿಸಿದ ಮೇಲೆ ಹಾಗೆ ಮಾಡುತ್ತಿದ್ದರು.

"ಹೋಗು," ಅಂದರು. ಸಿಟ್ಟೋ, ಒಪ್ಪಿಗೆಯೋ ನನಗೆ ತಿಳಿಯಲಿಲ್ಲ. ಕೇಳಿ ತಿಳಿದುಕೊಳ್ಳುವ ಚೈತನ್ಯವೂ ಇರಲಿಲ್ಲ. ಎದ್ದೆ.

ಮುದುಕ ನನ್ನ ಜಾಗದಲ್ಲಿ ಕೂತ. ಅವನಿಗೆ ಕನ್ನಡ ಬೇಕಾಗಿತ್ತು. ಅಲ್ಲೇ ನಿಂತು ಕೆಲವು ಮಾತು ಹೇಳಿಕೊಟ್ಟೆ. ನಿಧಾನ. ಇನ್ನೊಮ್ಮೆ. ಸಾಕು. ನೀರು. ಅವನು ಮಗುವಿನ ಹಾಗೆ ಒಂದೊಂದನ್ನೂ ಬಾಯಲ್ಲಿ ತಿರುಗಿಸಿದ. ನಾನು ಹಾಲ್‌ನ ಇನ್ನೊಂದು ಕೊನೆಗೆ, ಕಿಟಕಿಯ ಪಕ್ಕ ಹೋಗಿ ಕೂತೆ. ಯಾರೋ ಮಾತಿಲ್ಲದೆ ಒಂದು ಒಂಟಿ ಡಲ್ಸಿಮರ್ ತಂದು ನನ್ನ ತೊಡೆಯ ಮೇಲಿಟ್ಟರು. ಬಸ್ಸಿನ ಹೆಂಗಸು ಚಹಾ ತಂದಳು. ಅದನ್ನು ಬಿಸಿಯಿರುವಾಗಲೇ ತಳದವರೆಗೆ ಕುಡಿದೆ. ಡಲ್ಸಿಮರ್ ನುಡಿಸಲಿಲ್ಲ. ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದೆ.

ಆ ಕಡೆ ಅವರಿಬ್ಬರ ನುಡಿಸಾಟ ಸಾಗಿತ್ತು. ಮುದುಕ ಮಾಡುವುದರಲ್ಲಿ ಜಾಣ, ಎಡಗೈಯಲ್ಲಿ ಮೀಟುವುದರಲ್ಲಿ ನನಗಿಂತ ಕಡೆ. ತಟಕ್ಕನೆ ಕಡ್ಡಿಯ ಏಟು ಬಿದ್ದ ಸದ್ದು ಕೇಳಿತು.

"ಹುಚ್ಚಪ್ಯಾಲಿ!" ಎಂದರು ಅಜ್ಜ.

"ಇದು ನೀನು ಹೇಳಿಕೊಡಲಿಲ್ಲವಲ್ಲ, ಲವ್. ಏನು ಹಾಗಂದರೆ?" ಎಂದು ಮುದುಕ ಅಲ್ಲಿಂದಲೇ ಕೂಗಿ ಕೇಳಿದ.

ನನಗೆ ಏನು ಹೊಳೆಯಿತೋ. "ವೆರಿ ಗುಡ್ ಅಂತ," ಅಂದೆ.

ಮುದುಕನಿಗೆ ಸಂತೋಷವಾಯಿತು. ಹಾಡು ಮುಗಿದಾಗ ಅಜ್ಜನ ಭುಜ ತಟ್ಟಿ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, "ಹುಚ್ಚಪ್ಯಾಲಿ!" ಎಂದ. ಅಜ್ಜ ಬೆಚ್ಚಿ ಅವನ ಮುಖ ನೋಡಿದರು. ಆಮೇಲೆ ನಕ್ಕರು. ಅರ್ಧ ಮುಖ ಮಾತ್ರ ನಗುತ್ತಿತ್ತು, ಆದರೆ ಹೊಟ್ಟೆಯಿಂದ ಬಂದ ನಗು, ನಿಲ್ಲಲೊಲ್ಲದು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ. ನನ್ನೆದುರು ಕೂತು ಅಷ್ಟು ಶನಿವಾರ ನುಡಿಸಿದಾಗಲೂ ಕೇಳಿರಲಿಲ್ಲ.

ಸಂಜೆ ಬಸ್ಸಿನ ಹೆಂಗಸು ಎಂದಿನಂತೆ ನಮ್ಮನ್ನು ವ್ಯಾ‌ನಿನಲ್ಲಿ ಕರೆತಂದಳು. ದಾರಿಯುದ್ದಕ್ಕೂ ಅವಳು ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಬೇಸರ ಮಾಡಿಕೊಂಡಳೋ ಏನೋ ಎಂದು ನನಗೆ ಅಳುಕು. ಕೆಂಪು ದೀಪಕ್ಕೆ ವ್ಯಾನು ನಿಂತಾಗ ಹಿಂದಿನ ಸೀಟಿನಿಂದ ಅಜ್ಜ ಕರೆದರು.

"ಏ... ಮುಂದಿನ ಶನಿವಾರ ಅಂವಾ ಬರ್ತಾನ?"

"ಯಾರ್ರೀ?"

"ಅಂವಾ. ಮುದುಕಾ."

"ಬರ್ತಾನ್ರಿ. ನಾನೂ ಬರ್ತೀನಿ. ದೂರ ಕೂಡ್ತೀನಿ, ಅಷ್ಟ."

"ಹಾಂ," ಅಂದರು. ಸ್ವಲ್ಪ ಹೊತ್ತು ಮಾತು ಹುಡುಕಿದರು. "ದೂರ ಕೂಡು. ನಿನ್ನ ಮಾರಿ ನೋಡಿ ನೋಡಿ ಸಾಕಾತು."

ನಾನು ತಿರುಗಿ ಅವರನ್ನು ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ, ಎಬ್ಬಿಸುವಾಗ, ತೊಳೆಯುವಾಗ, ಉಣ್ಣಿಸುವಾಗ ಅವರೆದುರಿಗೆ ಇದ್ದದ್ದು ನನ್ನ ಮುಖ ಒಂದೇ. ಶನಿವಾರ ಹೊರಗೆ ಬಂದರೂ ಮೊಣಕಾಲಿನಷ್ಟೇ ದೂರದಲ್ಲಿ ಅದೇ ಮುಖ. ಅವರಿಗೂ ಹೇಳಲು ಮಾತಿರಲಿಲ್ಲ.

"ಏನಂತಾರೆ, ಡಾರ್ಲಿಂಗ್?" ಎಂದಳು ಬಸ್ಸಿನ ಹೆಂಗಸು, ಅಳುಕುತ್ತಲೇ.

"ಅವರಿಗೂ ನಾನು ಸಾಕಾಗಿದ್ದೀನಂತೆ," ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ಮೊದಲು ನನ್ನ ಮುಖ ನೋಡಿದಳು. ನಾನು ನಗುತ್ತಿದ್ದೇನೆ ಎಂದು ಖಾತ್ರಿಯಾದ ಮೇಲೆ ಸ್ಟಿಯರಿಂಗ್ ಮೇಲೆ ಬಿದ್ದು ಬಿದ್ದು ನಕ್ಕಳು. ಹಸಿರು ದೀಪ ಬಂದರೂ ವ್ಯಾನು ಹೊರಡಲಿಲ್ಲ, ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅಜ್ಜ ಅವರಿಗೆಲ್ಲ ಸ್ಪಷ್ಟವಾದ ಕನ್ನಡದಲ್ಲಿ ಬೈದರು. ನಾನು ಕಿಟಕಿಯ ಗಾಜಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದೆ. ರೇನರ್ಸ್ ಲೇನ್ ಬರುವ ಮೊದಲೇ ನಿದ್ದೆ ಹತ್ತಿತ್ತು. ಮನೆಯ ಮುಂದೆ ವ್ಯಾನು ನಿಂತ ಮೇಲೂ ಅವರಿಬ್ಬರೂ ನನ್ನನ್ನು ಎಬ್ಬಿಸದೆ ಸುಮ್ಮನೆ ಕೂತಿದ್ದರು.